ಪುಡಿಯ ಮೂಲ ಕೇಳಬೇಕು

ಗದ್ವಾಲ ಸೀರೆಗೆ ಎರಡು ಬಣ್ಣದ ಹಂಡೆ ಬೇಕು. ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುತ್ತಾರೆ. ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹತ್ತಬೇಕಾದರೆ ಉಪ್ಪು ಬೇಕು, ಸೋಡಾದ ಕ್ಷಾರ ಬೇಕು. ಅದೇ ಕ್ಷಾರ ರೇಷ್ಮೆಗೆ ತಾಗಿದರೆ ಹೊಳಪೂ ಹೋಯಿತು, ಬಲವೂ ಹೋಯಿತು. ರೇಷ್ಮೆಗೆ ಬೇಕಾದದ್ದು ಹುಳಿ. ಹಾಗಾಗಿ ಎರಡು ಹಂಡೆ, ಎರಡು ಗುಣದ ತೊಳೆನೀರು. ಹತ್ತಿಗೆ ಹಾಕುವ ಬಣ್ಣದಲ್ಲಿ ಹತ್ತರಲ್ಲಿ ಒಂದು ಪಾಲು, ಕೆಲವೊಮ್ಮೆ ಮೂರು ಪಾಲು ನೂಲಿಗೆ ಅಂಟದೆ ನೀರಿನಲ್ಲೇ ಉಳಿಯುತ್ತದೆ. ಸೀರೆ ಪೇಟೆಗೆ ಹೋಗುತ್ತದೆ. ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಸೀರೆ ಕೊಳ್ಳುವವರು ಕೇಳಿದ್ದನ್ನು ನಾನಂತೂ ಕಂಡಿಲ್ಲ.

ನೆಲದ ಗುರುತು ಹೇಳಿಬಿಡುತ್ತೇನೆ. ಗದ್ವಾಲ ಇರುವುದು ಕೃಷ್ಣಾ–ತುಂಗಭದ್ರೆಯರ ನಡುವಿನ ನಡಿಗಡ್ಡೆಯಲ್ಲಿ, ರಾಯಚೂರಿನ ಕಡೆಗೇ. ರಾಯಚೂರಿನಿಂದ ಶಕ್ತಿನಗರದ ಬಳಿ ಕೃಷ್ಣೆ ದಾಟಿದರೆ ಮಕ್ತಲ್, ಅದರಾಚೆ ಚೌಕಳಿ ಸೀರೆಗೆ ಹೆಸರಾದ ನಾರಾಯಣಪೇಟೆ. ಹಳೆಯ ಮಹಬೂಬ್‌ನಗರ ಜಿಲ್ಲೆಯನ್ನು ಒಡೆದು 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆ ಮಾಡಿದರು, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಕೃಷ್ಣಾ, ಮಾಗನೂರು ಮಂಡಲಗಳ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ. ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಕೆಳಗೆ ಜುರಾಲಾ ಅಣೆಕಟ್ಟೆಯಲ್ಲಿ ಕೃಷ್ಣೆಯ ನೀರು ನಿಲ್ಲುತ್ತದೆ.

ಈಗ ಪ್ರಕರಣ. ಮಕ್ತಲ್‌ನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರನ್ನು ಊಹಿಸಿಕೊಳ್ಳಿ. ಊಹೆಯೇ, ಇಂಥವರು ಯಾರೂ ನನಗೆ ಗೊತ್ತಿಲ್ಲ. ಬಣ್ಣದ ನೀರನ್ನು ಬಿಸಿಲಿನಲ್ಲೇ ತಿಳಿ ಮಾಡುವ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಬಗ್ಗೆ ಅವರು ಓದಿದ್ದಾರೆ. ಮಕ್ಕಳ ಪ್ರಾಜೆಕ್ಟಿಗೆ ಅದನ್ನು ನ್ಯಾನೊ ಗಾತ್ರದಲ್ಲಿ ತಯಾರಿಸಬೇಕು, ಜೊತೆಗೆ ಗಾಜಿನ ಮೇಲೆ ತೆಳುಪೊರೆಯಾಗಿಯೂ ಹಚ್ಚಿ ನೋಡಬೇಕು. ಕೈಯಲ್ಲಿರುವ ಹಣ ಒಂದು ಸೀಸೆಗೆ ಸಾಕು. ರಾಸಾಯನಿಕ ಮಾರುವವನ ಪಟ್ಟಿಯಲ್ಲಿ ಮೂರು ಮೂಲದ್ರವ್ಯಗಳಿವೆ: ಟೈಟಾನಿಯಂ ಟೆಟ್ರಾಕ್ಲೋರೈಡ್, ಟೈಟಾನಿಲ್ ಸಲ್ಫೇಟ್, ಟೈಟಾನಿಯಂ ಐಸೊಪ್ರೊಪಾಕ್ಸೈಡ್. ಮೂರರಿಂದಲೂ ಅದೇ ಪುಡಿ ಬರುತ್ತದೆ. ಯಾವುದನ್ನು ತರಿಸಬೇಕು?

ಲ್ಯಾಬಿನಲ್ಲಿ ಇದನ್ನು ನೀತಿಯ ಪ್ರಶ್ನೆ ಎಂದು ಯಾರೂ ಎಣಿಸುವುದಿಲ್ಲ. ಬೆಲೆ, ಶುದ್ಧತೆ, ಕಣದ ಗಾತ್ರ ನೋಡಿ ತೀರ್ಮಾನಿಸುತ್ತಾರೆ. ನದೀಮೂಲ, ಋಷಿಮೂಲ ಕೇಳಬಾರದು ಎಂಬ ಮಾತು ನಮ್ಮಲ್ಲುಂಟು. ಪುಡಿಯ ಮೂಲವನ್ನೂ ಆ ಪಟ್ಟಿಗೆ ಸೇರಿಸಿಬಿಟ್ಟಿದ್ದೇವೆ. ನಾನು ಕೇಳುತ್ತೇನೆ.

ಟೆಟ್ರಾಕ್ಲೋರೈಡ್ ಎಲ್ಲಕ್ಕಿಂತ ಅಗ್ಗ. ಅದರ ಸ್ವಭಾವ ತಿಳಿಯಲು ಮುಚ್ಚಳ ತೆಗೆದರೆ ಸಾಕು. ಗಾಳಿಯ ತೇವ ತಾಗಿದ್ದೇ ತಡ, ದಟ್ಟ ಬಿಳಿ ಹೊಗೆ ಏಳುತ್ತದೆ. ನೌಕಾಪಡೆಗಳು ಹಡಗುಗಳನ್ನು ಶತ್ರುವಿನ ಕಣ್ಣಿಂದ ಮರೆಸಲು ಹೊಗೆಪರದೆ ಹಬ್ಬಿಸುತ್ತಿದ್ದುದು ಈ ದ್ರವದಿಂದಲೇ. ಆ ಹೊಗೆಯಲ್ಲಿ ಇರುವುದು ಟೈಟಾನಿಯಂ ಆಕ್ಸೈಡಿನ ಕಣ ಮತ್ತು ಹೈಡ್ರೋಕ್ಲೋರಿಕ್ ಆಮ್ಲ. ಲೆಕ್ಕ ಕಷ್ಟದ್ದೇನಲ್ಲ: ಒಂದು ಕಿಲೋ ಪುಡಿ ಮಾಡಿದರೆ ಜೊತೆಗೆ ಸುಮಾರು 1.8 ಕಿಲೋ ಹೈಡ್ರೋಜನ್ ಕ್ಲೋರೈಡ್ ಹುಟ್ಟುತ್ತದೆ. ಪುಡಿಗಿಂತ ಹೊಗೆಯ ತೂಕವೇ ಹೆಚ್ಚು. ಗಾಳಿ ಹೀರುವ ಕಪಾಟು ಸರಿಯಿಲ್ಲದ ಲ್ಯಾಬಿನಲ್ಲಿ ಆ ಆಮ್ಲ ಹೋಗುವುದು ಲ್ಯಾಬ್ ಅಟೆಂಡರನ ಎದೆಯೊಳಕ್ಕೆ, ಮಕ್ಕಳ ಕಣ್ಣಿಗೆ. ಇದನ್ನು ಬೇಡವೆನ್ನಲು ಮೇಷ್ಟ್ರಿಗೆ ಹೆಚ್ಚು ಹೊತ್ತು ಬೇಕಿಲ್ಲ.

ಸಲ್ಫೇಟ್ ಹೊಗೆಯಾಡುವುದಿಲ್ಲ. ನೀರಿನಲ್ಲಿ ಕರಗಿಸಿ ಕಾಯಿಸಿದರೆ ಬಿಳಿ ಗಸಿ ಇಳಿಯುತ್ತದೆ, ಕಿಲೋ ಪುಡಿಗೆ ಸುಮಾರು 1.2 ಕಿಲೋ ಗಂಧಕಾಮ್ಲ ನೀರಿನಲ್ಲಿ ಉಳಿಯುತ್ತದೆ. ಸುಣ್ಣ ಹಾಕಿದರೆ ಜಿಪ್ಸಮ್ ಆಗಿ ಕೂರುತ್ತದೆ. ಸಣ್ಣ ಪ್ರಮಾಣದಲ್ಲಿ ಇದು ಕೈಗೆ ಸಿಗುವ ಕೊಳೆ, ಕಣ್ಣಿಗೆ ಕಾಣುವ ಕೊಳೆ. ದೊಡ್ಡ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದಕ್ಕೆ ಕೇರಳ ನೋಡಬೇಕು. ಇದೇ ಸಲ್ಫೇಟ್ ವಿಧಾನದಲ್ಲಿ ಬಿಳಿ ವರ್ಣದ್ರವ್ಯ ಮಾಡುವ ಟ್ರಾವಂಕೂರ್ ಟೈಟಾನಿಯಂ ಪ್ರಾಡಕ್ಟ್ಸ್ 1946ರಲ್ಲಿ ತಿರುವನಂತಪುರದಲ್ಲಿ ಸ್ಥಾಪನೆಯಾಯಿತು. ಅದರ ಆಮ್ಲದ ತ್ಯಾಜ್ಯ ದಶಕಗಳ ಕಾಲ ವೇಳಿಯ ತೀರದಲ್ಲಿ ಅರಬ್ಬಿ ಸಮುದ್ರಕ್ಕೆ ಹರಿಯಿತು. ನಮ್ಮ ಗೋಡೆಗಳು ಬೆಳ್ಳಗಾದವು.

ಇನ್ನು ಐಸೊಪ್ರೊಪಾಕ್ಸೈಡ್. ಇದರ ಮೇಲೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಭ್ಯರೆಲ್ಲ ಆರಿಸುವ ಸೀಸೆ ಇದೇ. ದುಬಾರಿ. ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಸೀಸೆಯ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ. ಅಷ್ಟು ಬೇಗ ನೀರಿನೊಂದಿಗೆ ಕೂಡುತ್ತದೆ. ಆದರೆ ಹೊರಬೀಳುವುದು ಆಮ್ಲವಲ್ಲ, ಐಸೊಪ್ರೊಪೈಲ್ ಆಲ್ಕೊಹಾಲ್. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಮೊದಲು ತೋಳಿಗೆ ಒರೆಸುವ ಜಾತಿಯದು. ಬೆಂಕಿಯಿಂದ ದೂರವಿಟ್ಟರೆ ಆಯಿತು. ಪುಡಿಯಲ್ಲಿ ಕ್ಲೋರಿನ್ ಉಳಿಯುವುದಿಲ್ಲ, ಗಂಧಕ ಉಳಿಯುವುದಿಲ್ಲ. ಪ್ರಬಂಧ ಬರೆಯುವವರಿಗೆ ಇದಕ್ಕಿಂತ ನೆಮ್ಮದಿಯ ಮೂಲದ್ರವ್ಯ ಇಲ್ಲ. ಅಸಿಟೈಲ್ ಅಸಿಟೋನ್ ಬೆರೆಸಿದರೆ ಅದರ ಆತುರವೂ ಇಳಿಯುತ್ತದೆ. ಗಸಿಯಾಗಿ ಒಡೆಯದೆ ತಿಳಿಯಾದ ದ್ರಾವಣವಾಗಿ ನಿಲ್ಲುತ್ತದೆ. ಗಾಜನ್ನು ಅದರಲ್ಲಿ ಅದ್ದಿ, ನಿಧಾನವಾಗಿ ಮೇಲೆತ್ತಿ, 450 ಡಿಗ್ರಿ ಸೆಲ್ಸಿಯಸ್ ಸುಮಾರಿನಲ್ಲಿ ಸುಟ್ಟರೆ ಅನಟೇಸ್ ಎಂಬ, ಬೆಳಕಿಗೆ ಚುರುಕಾದ ಹರಳಿನ ತೆಳುಪೊರೆ ಸಿದ್ಧ.

ಈ ಸಭ್ಯ ಸೀಸೆ ಹುಟ್ಟುವುದು ಎಲ್ಲಿಂದ? ಮೊದಲು ಬೇಡವೆಂದ ಟೆಟ್ರಾಕ್ಲೋರೈಡಿನಿಂದಲೇ. ಕಾರ್ಖಾನೆಯಲ್ಲಿ ಟೆಟ್ರಾಕ್ಲೋರೈಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೇರಿಸಿ, ಏಳುವ ಆಮ್ಲವನ್ನು ಅಮೋನಿಯಾದಿಂದ ಹಿಡಿದುಹಾಕುತ್ತಾರೆ. ಅಮೋನಿಯಂ ಕ್ಲೋರೈಡ್ ರಾಶಿ ಬೀಳುತ್ತದೆ. ನಾವು ಮಾಡುವ ಒಂದು ಕಿಲೋ ಪುಡಿಗೆ ಅಲ್ಲಿ ಸುಮಾರು 2.7 ಕಿಲೋ. ಅಂದರೆ ಕ್ಲೋರಿನ್ ಇಲ್ಲವಾಗಲಿಲ್ಲ. ಮಕ್ತಲ್‌ನಿಂದ ಬೇರಾವುದೋ ಕೈಗಾರಿಕಾ ಪ್ರದೇಶಕ್ಕೆ ಸ್ಥಳಾಂತರವಾಯಿತು. ಸೀಸೆಗೆ ಕೊಟ್ಟ ಹೆಚ್ಚಿನ ಹಣದಲ್ಲಿ ಮೇಷ್ಟ್ರು ಕೊಂಡದ್ದು ಅರ್ಧ ಶುದ್ಧತೆಯನ್ನು, ಅರ್ಧ ದೂರವನ್ನು.

ಇದು ಮೋಸವೇ? ಹಾಗೆನ್ನಲಾರೆ. ಅಮೋನಿಯಾದಿಂದ ಆಮ್ಲವನ್ನು ಕಟ್ಟಿಹಾಕುವ ಏರ್ಪಾಡಿರುವ ಕಾರ್ಖಾನೆ, ಕಿಟಕಿ ತೆರೆದಿಟ್ಟು ಕೆಲಸ ಮಾಡುವ ಕಾಲೇಜು ಲ್ಯಾಬಿಗಿಂತ ಮೇಲು. ಅಪಾಯದ ಕೆಲಸ ಅದಕ್ಕೆ ಸಜ್ಜಾದ ಜಾಗದಲ್ಲಿ ನಡೆಯುವುದು ನ್ಯಾಯವೇ. ಆದರೆ ‘ಹಸಿರು ವಿಧಾನದಿಂದ ತಯಾರಿಸಿದ್ದು’ ಎಂದು ವರದಿಯ ಮೊದಲ ಪುಟದಲ್ಲಿ ಬರೆದುಕೊಳ್ಳುವ ಹಕ್ಕು ಆ ಸೀಸೆಯೊಂದಿಗೆ ಬರುವುದಿಲ್ಲ. ಈಚೆಗೆ ಎಲೆಯ ಕಷಾಯ ಹಾಕಿ ಮಾಡಿದ ನ್ಯಾನೊ ಕಣಗಳ ಪ್ರಬಂಧಗಳು ಹಿಂಡುಹಿಂಡಾಗಿ ಬರುತ್ತಿವೆ. ಬೇವಿನೆಲೆ, ತುಳಸಿ, ಅಲೋವೆರಾ. ಎಲೆ ಹಸಿರೇ, ಒಪ್ಪಿದೆ; ಟೈಟಾನಿಯಂ ಮಾತ್ರ ಅದೇ ಸೀಸೆಯದು.

ಇಲ್ಲಿ ಬೆಂಗಳೂರಿನ ಒಂದು ನಿಜ ಪ್ರಕರಣ ನೆನೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರ ಗುಂಪು 1980ರ ದಶಕದಲ್ಲಿ ಬೆಂಕಿಯಿಂದ ಪುಡಿ ಮಾಡುವ ದಾರಿ ಹುಡುಕಿತು. ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ, ಅದೇ ನಮ್ಮ ಹೊಲದ ಯೂರಿಯಾ, ಎರಡನ್ನೂ ಕರಗಿಸಿ 500 ಡಿಗ್ರಿಯ ಕುಲುಮೆಗೆ ಇಟ್ಟರೆ ಮಿಶ್ರಣ ಕುದಿದು, ನೊರೆದು, ಹತ್ತಿ ಉರಿದು, ಐದಾರು ನಿಮಿಷದಲ್ಲಿ ಅಲ್ಯುಮಿನಾದ ನಯವಾದ ಪುಡಿ ಉಳಿಯುತ್ತದೆ. 1988ರಲ್ಲಿ ಕಿಂಗ್ಸ್‌ಲೀ ಮತ್ತು ಪಾಟೀಲರು ಇದನ್ನು ಪ್ರಕಟಿಸಿದರು. ನೈಟ್ರೇಟ್ ಉಸಿರು ಕೊಡುತ್ತದೆ, ಯೂರಿಯಾ ಉರುವಲಾಗುತ್ತದೆ. ದಿನಗಟ್ಟಲೆ ಕುಲುಮೆ ಉರಿಸುವ ಖರ್ಚಿಲ್ಲ. ಬಡ ಲ್ಯಾಬಿನ ಕೈಗೆಟಕುವ ಇಂಥ ವಿಧಾನ ನಮ್ಮ ನಾಡಿನಲ್ಲಿ ಹುಟ್ಟಿತೆಂಬುದು ನನಗೆ ಹೆಮ್ಮೆಯ ಸಂಗತಿ. ನಮ್ಮ ಪಠ್ಯಗಳಲ್ಲಿ ಇದಕ್ಕೆ ಇನ್ನೂ ಹೆಚ್ಚು ಜಾಗ ಸಲ್ಲಬೇಕು.

2003–04ರ ಹೊತ್ತಿಗೆ ಅದೇ ಸಂಸ್ಥೆಯ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಈ ದಾರಿಯಲ್ಲೇ ಟೈಟಾನಿಯಂ ಡೈಆಕ್ಸೈಡ್ ಮಾಡಿದರು. ಐಸೊಪ್ರೊಪಾಕ್ಸೈಡನ್ನು ನೀರಿನಿಂದ ಒಡೆದು, ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಟೈಟಾನಿಲ್ ನೈಟ್ರೇಟ್ ಮಾಡುವುದು. ಅದಕ್ಕೆ ಗ್ಲೈಸೀನ್ ಎಂಬ ಅಮೈನೊ ಆಮ್ಲವನ್ನು ಉರುವಲಾಗಿ ಬೆರೆಸುವುದು. 350 ಡಿಗ್ರಿಯ ಕುಲುಮೆಗೆ ಇಡುವುದು. ಕಾಗದದ ಮೇಲಿನ ಸಮೀಕರಣ ಚೊಕ್ಕವಾಗಿದೆ: ಒಂಬತ್ತು ಪಾಲು ನೈಟ್ರೇಟಿಗೆ ಹತ್ತು ಪಾಲು ಗ್ಲೈಸೀನ್ ಹಾಕಿದರೆ ಹೊರಗೆ ಹೋಗುವುದು ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಾವಿ ಮಾತ್ರ. ಉಳಿದ ಪುಡಿಯ ಹರಳುಗಳು 8ರಿಂದ 10 ನ್ಯಾನೊಮೀಟರ್. ಆ ಪುಡಿಯನ್ನು ಅವರು ಬಣ್ಣದ ನೀರಿಗೆ ಹಾಕಿ ಬಿಸಿಲಿಗಿಟ್ಟರು. ಮೆಥಿಲೀನ್ ಬ್ಲೂ, ಆರೆಂಜ್ ಜಿ, ಕಾಂಗೋ ರೆಡ್ ಮುಂತಾದ ಬಣ್ಣಗಳು ಜಗತ್ತೆಲ್ಲ ಅಳತೆಗೋಲಾಗಿ ಬಳಸುವ ಪಿ–25 ಪುಡಿಗಿಂತ ಬೇಗ ಮಾಯವಾದವು.

ಕಾರಣ ಹುಡುಕಿದಾಗ ಮೂಲ ಮಾತಾಡಿತು. ಶುದ್ಧ ಅನಟೇಸ್ ಬೆಳ್ಳಗಿರುತ್ತದೆ, ಅದಕ್ಕೆ ಅತಿನೇರಳೆ ಬೆಳಕು ಮಾತ್ರ ರುಚಿಸುತ್ತದೆ. ಬಿಸಿಲಿನಲ್ಲಿ ಅದು ಇರುವುದು ನೂರರಲ್ಲಿ ನಾಲ್ಕೈದು ಪಾಲು. ಈ ಪುಡಿಯಾದರೋ ಕಣ್ಣಿಗೆ ಕಾಣುವ ಬೆಳಕನ್ನೂ ಹೀರುತ್ತಿತ್ತು. ಉರುವಲಿನಿಂದ ಬಂದ ಇಂಗಾಲ ಒಂದಿಷ್ಟು ಹರಳಿನೊಳಗೆ ಆಮ್ಲಜನಕದ ಜಾಗದಲ್ಲಿ ಕುಳಿತಿದೆ ಎಂದು ಅವರು 2004ರಲ್ಲಿ ವರದಿ ಮಾಡಿದರು. ಗ್ಲೈಸೀನ್ ಸುಟ್ಟುಹೋಯಿತು, ಆದರೆ ಪೂರ್ತಿ ಹೋಗಲಿಲ್ಲ. ಕೊಳೆ ಎಂದು ತೊಳೆದುಬಿಡಬಹುದಾಗಿದ್ದ ಶೇಷವೇ ಕೆಲಸದ ಗುಟ್ಟಾಗಿತ್ತು.

ನೀತಿ ಚಿಂತಿಸುವವನಿಗೆ ಈ ಪ್ರಕರಣದಲ್ಲಿ ಹಿಡಿಸುವುದು ಅವರ ಜಾಣತನಕ್ಕಿಂತ ಅವರು ಶೇಷವನ್ನು ಹೆಸರಿಸಿದ ರೀತಿ. ‘ನಮ್ಮ ಪುಡಿ ಶುದ್ಧ, ಅದಕ್ಕೇ ಚುರುಕು’ ಎನ್ನುವುದು ಸುಲಭವಿತ್ತು. ಶುದ್ಧವಲ್ಲ, ಇಂಥಲ್ಲಿಂದ ಬಂದ ಇಂಥದ್ದು ಇದರಲ್ಲಿದೆ ಎಂದು ಎಕ್ಸ್–ಕಿರಣದಿಂದ ತೋರಿಸಿ ಬರೆದರು. ಬೇರೆಯವರು ಆ ವಿವರಣೆಯನ್ನು ಪರೀಕ್ಷಿಸಬಹುದು, ವಾದಿಸಬಹುದು. ಹುಟ್ಟಿನ ಕಲೆಯನ್ನು ಒರೆಸಿ ತೋರಿಸುವ ವಂಶಾವಳಿಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಹೆಗಡೆಯವರು ಆಮೇಲೆ ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಸಂಸ್ಥೆಯ ಆವರಣದಲ್ಲಿ ಶಾಲಾ–ಕಾಲೇಜು ಶಿಕ್ಷಕರ ತರಬೇತಿಯಲ್ಲಿ ತೊಡಗಿದರು. ನಮ್ಮ ಊಹೆಯ ಮೇಷ್ಟ್ರಂಥವರಿಗಾಗಿಯೇ ಇರುವ ತಾಣ ಅದು.

ಅಳತೆಗೋಲಾದ ಪಿ–25 ಬಗ್ಗೆಯೂ ಒಂದು ಮಾತು. ಆಗ ಡೆಗುಸ್ಸಾ ಕಂಪನಿಯದಾಗಿದ್ದ ಆ ಪುಡಿ ತಯಾರಾಗುವುದು ಟೆಟ್ರಾಕ್ಲೋರೈಡನ್ನು ಜಲಜನಕದ ಜ್ವಾಲೆಯಲ್ಲಿ ಉರಿಸಿ. ಗ್ಲೈಸೀನ್ ಪುಡಿಯ ಅಜ್ಜನೂ ಅವನೇ, ಪಿ–25ರ ಅಪ್ಪನೂ ಅವನೇ. ಎರಡರ ಪೈಪೋಟಿಯಲ್ಲಿ ಯಾರು ಗೆದ್ದರೂ ಮನೆತನ ಒಂದೇ.

ಮಕ್ತಲ್‌ಗೆ ಮರಳೋಣ. ಮೂರೂ ಸೀಸೆಗಳ ಹಿಂದೆ ಕೊಳೆ ಇದೆ ಎಂದಮೇಲೆ ಯಾವುದನ್ನಾದರೂ ತರಿಸಲಿ ಎಂದು ಕೈಚೆಲ್ಲುವುದು ಸುಲಭದ ದಾರಿ. ಅದು ಸರಿಯಲ್ಲ. ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದಿಡಬೇಕು: ಎಷ್ಟು ಬೇಕು, ಕೆಲಸವಾದ ಮೇಲೆ ಅದು ಎಲ್ಲಿರುತ್ತದೆ?

ಪುಡಿಯಾಗಿ ಬಳಸಿದರೆ ಲೀಟರಿಗೆ ಒಂದು ಗ್ರಾಂ ಎಂಬುದು ಲ್ಯಾಬಿನ ರೂಢಿ. ಬಣ್ಣಗಾರನ ಸಾವಿರ ಲೀಟರ್ ತೊಟ್ಟಿಗೆ ಒಂದು ಕಿಲೋ. ನೀರು ತಿಳಿಯಾದಮೇಲೆ ಆ ನ್ಯಾನೊ ಪುಡಿಯನ್ನು ಹಿಡಿಯುವುದು ಹೇಗೆ? ಬಟ್ಟೆಯಲ್ಲಿ ಸೋಸಿದರೆ ಸಿಗುವುದಲ್ಲ. ಒಂದು ಪಾಲಾದರೂ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ. ಒಣಗಿದ ಪುಡಿ ಗಾಳಿಗೆ. 2006ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಉಸಿರಿನಲ್ಲಿ ಹೋಗುವ ಟೈಟಾನಿಯಂ ಡೈಆಕ್ಸೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ವರ್ಗಕ್ಕೆ ಸೇರಿಸಿತು. ಆಧಾರ ಮುಖ್ಯವಾಗಿ ಇಲಿಗಳ ಮೇಲಿನ ಪ್ರಯೋಗ. ಐರೋಪ್ಯ ಒಕ್ಕೂಟ 2022ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಹೆದರಿಸಲು ಹೇಳುತ್ತಿಲ್ಲ. ಬಣ್ಣ ತೆಗೆಯಲು ಹೋಗಿ ಪುಡಿ ಬಿಟ್ಟುಬರುವುದು ಸಾಲ ತೀರಿಸಲು ಸಾಲ ಮಾಡಿದ ಹಾಗೆ.

ತೆಳುಪೊರೆಯ ಲೆಕ್ಕ ಬೇರೆ. ಒಂದು ಚದರ ಮೀಟರ್ ಗಾಜಿಗೆ ಅರ್ಧ ಮೈಕ್ರಾನ್ ದಪ್ಪದ ಪೊರೆ ಕೂರಿಸಿದರೆ ಅದರ ತೂಕ ಸುಮಾರು 2 ಗ್ರಾಂ. ಪೊರೆಯಲ್ಲಿ ಸೇರುವ ಐಸೊಪ್ರೊಪಾಕ್ಸೈಡ್ 7 ಗ್ರಾಂ. ದೂರದ ಕಾರ್ಖಾನೆಯಲ್ಲಿ ಅದರ ಪಾಲಿಗೆ ಬೀಳುವ ಅಮೋನಿಯಂ ಕ್ಲೋರೈಡ್ ಐದಾರು ಗ್ರಾಂ. ಪೊರೆ ಗಾಜಿಗೆ ಕಚ್ಚಿಕೊಂಡಿರುತ್ತದೆ, ಮತ್ತೆ ಮತ್ತೆ ಬಳಸಬಹುದು. ದುಬಾರಿ ಸೀಸೆ ಇಲ್ಲಿ ಅಗ್ಗವಾಗುತ್ತದೆ. ಆದರೆ ಪೊರೆಯ ಮೈ ಚಿಕ್ಕದು, ಕೆಲಸ ನಿಧಾನ; ಪುಡಿ ಗಂಟೆಗಳಲ್ಲಿ ಮಾಡುವುದಕ್ಕೆ ಅದಕ್ಕೆ ದಿನಗಳು ಬೇಕಾಗಬಹುದು. ಇನ್ನೊಂದು ತೊಡಕುಂಟು: ಮಾಮೂಲಿ ಕಿಟಕಿಯ ಗಾಜಿನಲ್ಲಿರುವ ಸೋಡಿಯಂ ಸುಡುವಾಗ ಪೊರೆಯೊಳಕ್ಕೆ ಏರಿ ಅದನ್ನು ಮಂದ ಮಾಡುತ್ತದೆ. ಮೊದಲು ಸಿಲಿಕಾದ ಒಂದು ಪೊರೆ ಹಚ್ಚಿಕೊಳ್ಳಬೇಕು.

ಮೇಷ್ಟ್ರು ಎದುರಿಸಬೇಕಾದ ಇನ್ನೂ ಗಟ್ಟಿ ಸಂಗತಿ ಹಂಡೆಯಲ್ಲಿದೆ. ಲ್ಯಾಬಿನ ಬಣ್ಣದ ನೀರು ಶುದ್ಧ ನೀರಿನಲ್ಲಿ ಒಂದೇ ಬಣ್ಣ ಕರಗಿಸಿದ್ದು. ಗದ್ವಾಲದ ಹತ್ತಿ ಹಂಡೆಯ ನೀರಿನಲ್ಲಿ ಉಪ್ಪಿದೆ, ಸೋಡಾ ಇದೆ. ಕ್ಲೋರೈಡ್, ಕಾರ್ಬೊನೇಟ್ ಎರಡೂ ಪೊರೆಯ ಮೇಲೆ ಹುಟ್ಟುವ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಬಣ್ಣಕ್ಕಿಂತ ಮೊದಲೇ ನುಂಗುತ್ತವೆ. ಕ್ಷಾರದಲ್ಲಿ ಟೈಟಾನಿಯಂ ಡೈಆಕ್ಸೈಡಿನ ಮೇಲ್ಮೈ ಋಣ ವಿದ್ಯುದಂಶ ಹೊರುತ್ತದೆ, ರಿಯಾಕ್ಟಿವ್ ಬಣ್ಣವೂ ಋಣವೇ. ಎರಡೂ ಪರಸ್ಪರ ದೂಡುತ್ತವೆ. ಪಿಎಚ್ ಆರರ ಕೆಳಗೆ ಇಳಿದರೆ ಬಣ್ಣ ತಾನಾಗಿ ಬಂದು ಅಂಟುತ್ತದೆ. ರೇಷ್ಮೆ ಹಂಡೆಯ ಹುಳಿ ನೀರು ಪಕ್ಕದಲ್ಲೇ ಇದೆಯಲ್ಲ, ಎರಡನ್ನೂ ಬೆರೆಸಿ ಒಂದಿಷ್ಟಾದರೂ ಕ್ಷಾರ ಇಳಿಸಬಾರದೇಕೆ? ಪ್ರಯೋಗಕ್ಕೆ ಇದು ನನ್ನ ಸಲಹೆ. ಮೂಲದ್ರವ್ಯದ ಚರ್ಚೆಯಲ್ಲಿ ದಿನ ಕಳೆಯುವವರು ಹಂಡೆಯ ಬಳಿ ಒಮ್ಮೆ ಹೋಗಿ ಬರಬೇಕು.

ಬಣ್ಣ ಹೋದರೆ ವಿಷ ಹೋಯಿತೆಂದು ತಿಳಿಯುವುದು ಇನ್ನೊಂದು ತಪ್ಪು. ಕಾಂಗೋ ರೆಡ್‌ನ ಬೆನ್ನೆಲುಬು ಬೆಂಜಿಡಿನ್. ಮೂತ್ರಕೋಶದ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾದ ವಸ್ತು. ಭಾರತ 1993ರಲ್ಲಿ ಬೆಂಜಿಡಿನ್ ಮೂಲದ 42 ಬಣ್ಣಗಳನ್ನು, 1997ರಲ್ಲಿ 70 ಅಜೊ ಬಣ್ಣಗಳನ್ನು ನಿಷೇಧಿಸಿತು. ಆ ನಿಷೇಧದ ಹಿಂದಿನ ತರ್ಕವೇ ಮೂಲ ಮತ್ತು ಶೇಷದ ತರ್ಕ: ಬಣ್ಣ ಹೇಗೆ ಕಾಣುತ್ತದೆ ಎಂದು ಕೇಳಲಿಲ್ಲ, ಒಡೆದರೆ ಏನಾಗುತ್ತದೆ ಎಂದು ಕೇಳಿದರು. ತಿಳಿನೀರಿನ ಸೀಸೆ ಹಿಡಿದು ಫೋಟೋ ತೆಗೆಸಿಕೊಳ್ಳುವ ಮುಂಚೆ ಅದರಲ್ಲಿ ಇನ್ನೂ ಎಷ್ಟು ಸಾವಯವ ಇಂಗಾಲ ಉಳಿದಿದೆ ಎಂದು ಅಳೆಸಬೇಕು. ಆ ಯಂತ್ರ ಊರಲ್ಲಿ ಇಲ್ಲದಿದ್ದರೆ ‘ಬಣ್ಣ ಮಾಯವಾಯಿತು’ ಎಂದಷ್ಟೇ ಬರೆಯಬೇಕು.

ನನ್ನ ತೀರ್ಪು ಹೀಗೆ. ಮೇಷ್ಟ್ರು ಐಸೊಪ್ರೊಪಾಕ್ಸೈಡ್ ತರಿಸಲಿ, ಅದೂ ಸಿಗುವ ಅತಿ ಚಿಕ್ಕ ಸೀಸೆ. ಪೊರೆ ಮಾಡಲಿ, ಪುಡಿ ಬೇಡ. ಬೆಂಕಿಯ ವಿಧಾನ ಕಲಿಸಬೇಕೆಂದರೆ ಕೆಲವೇ ಗ್ರಾಂ ಸುಟ್ಟು ತೋರಿಸಲಿ, ಕಪಾಟಿನೊಳಗೆ, ಏಕೆಂದರೆ ಸಮೀಕರಣದಲ್ಲಿಲ್ಲದ ನೈಟ್ರೋಜನ್ ಆಕ್ಸೈಡಿನ ಹೊಗೆ ಕುಲುಮೆಯಲ್ಲಿ ಎದ್ದೀತು. ಟೆಟ್ರಾಕ್ಲೋರೈಡ್ ಮಕ್ಕಳ ಲ್ಯಾಬಿಗೆ ಬರಕೂಡದು.

ಖರ್ಚು ಯಾರದು ಎಂಬ ಪ್ರಶ್ನೆ ಉಳಿದಿದೆ. ಬಣ್ಣಗಾರನ ತಲೆಗೆ ಕಟ್ಟಿದರೆ ಅವನು ಹಂಡೆ ಕವುಚಿ ಕೂಲಿಗೆ ಹೋಗುತ್ತಾನೆ. ಗದ್ವಾಲದ ನೇಕಾರರು ತಿರುಮಲದ ದೇವರಿಗೆ ಜೋಡಿ ಪಂಚೆ ನೇಯ್ದು ಕಳಿಸುವ ಪರಂಪರೆ ಸಂಸ್ಥಾನದ ಕಾಲದ್ದು. ಭಕ್ತಿಯ ಆ ಲೆಕ್ಕದಲ್ಲಿ ಯಾರೂ ಕೊಸರುವುದಿಲ್ಲ. ಅಂಗಡಿಯಲ್ಲಿ ಸಾವಿರಾರು ರೂಪಾಯಿ ಎಣಿಸಿ ಸೀರೆ ಉಡುವವರು ಅದರ ತೊಳೆನೀರಿಗೂ ಬೆಲೆ ಕೊಡಬೇಕು, ಮತ್ತು ನೇಕಾರ ಸಂಘಗಳು ಆ ಬೆಲೆಯನ್ನು ಬಿಲ್ಲಿನಲ್ಲಿ ಬಿಡಿಯಾಗಿ ಕಾಣಿಸಬೇಕು.

ಗಡಿಯ ಈಚೆ ಆಚೆ, ರಾಯಚೂರಿನಲ್ಲಿ, ಮಕ್ತಲ್‌ನಲ್ಲಿ, ನಾರಾಯಣಪೇಟೆಯಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ಮಕ್ಕಳ ಪ್ರಾಜೆಕ್ಟ್ ವರದಿಯಲ್ಲಿ ‘ದೊರೆತ ಉತ್ಪನ್ನ’ ಎಂಬ ಕಾಲಂ ಇರುತ್ತದೆ. ಅದರ ಪಕ್ಕದಲ್ಲೇ ‘ಹೊರಬಿದ್ದದ್ದು’ ಎಂದು ಇನ್ನೊಂದು ಕಾಲಂ ಹಾಕಿಸಿ: ಗ್ರಾಂ ಲೆಕ್ಕದಲ್ಲಿ, ಲ್ಯಾಬಿನಲ್ಲಿ ಬಿದ್ದದ್ದೂ ಸೀಸೆ ತಯಾರಾದಲ್ಲಿ ಬಿದ್ದದ್ದೂ. ಅದು ಖಾಲಿ ಇದ್ದರೆ ಅಂಕ ಕೊಡಬೇಡಿ.